ಮಕಾವಿನ ಗಾಜಿನ ಕಪಾಟಿನಲ್ಲಿ

ವಾದಿ ಕಬೀರ್

ನಾನು ಹುಟ್ಟಾ ಹೆದರುಪುಕ್ಕಿ. ಗ್ಯಾಸ್ ಬಂದ್ ಮಾಡಿ ಮೂರು ಮಹಡಿ ಇಳಿದ ಮೇಲೆ, ಮಾಡಿದ್ದೇನೋ ಇಲ್ಲವೋ ಎಂದು ಮತ್ತೆ ಮೂರು ಮಹಡಿ ಹತ್ತುವವಳು. ಅಂಥವಳು ಮಕಾವಿಗೆ ಹೋಗಿಬಂದೆ ಎಂದರೆ ಊರಿನಲ್ಲಿ ನನ್ನ ಅಕ್ಕನಿಗೆ ಈಗಲೂ ನಂಬಿಕೆಯಿಲ್ಲ. ಫೋಟೋ ತೋರಿಸಿದರೆ, ಇದು ಗೋವಾ ಅಲ್ಲವಾ ಎನ್ನುತ್ತಾಳೆ.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ಯಜಮಾನರು ಸದಾನಂದ ಮಸ್ಕತ್ತಿನ ವಾದಿ ಕಬೀರಿನಲ್ಲಿ ಒಂದು ಗ್ಯಾರೇಜಿನ ಫೋರ್‌ಮನ್. ಗ್ಯಾರೇಜಿಗೆ ಚಕ್ರಗಳ ಅಲೈನ್‌ಮೆಂಟ್ ಮಾಡುವ ಹೊಸ ಯಂತ್ರ ಬರುವುದಿತ್ತು. ಅದನ್ನು ಕಲಿತು ಬರಲು ಕಂಪನಿ ಇವರನ್ನು ಒಂದು ವಾರ ಹಾಂಗ್‌ಕಾಂಗಿಗೆ ಕಳಿಸಿತು. ಹೆಂಡತಿ ಬರುವುದಾದರೆ ಬರಲಿ ಎಂದೂ ಹೇಳಿದರು. ಆ ವರ್ಷ ಊರಿಗೆ ಹೋಗುವುದನ್ನು ಬಿಟ್ಟು ನಾನು ಇವರ ಜೊತೆ ಹೊರಟೆ. ಅತ್ತೆ ಫೋನಿನಲ್ಲಿ, ಚೀನಾದಲ್ಲಿ ನಿನಗೆ ಯಾರಿದ್ದಾರೆ ಎಂದು ಕೇಳಿದರು.

ಗಲ್ಫಿನಲ್ಲಿ ದುಡಿದವರಿಗೆ ಗೊತ್ತು, ಅಲ್ಲಿ ನಮ್ಮ ಪಾಸ್‌ಪೋರ್ಟು ನಮ್ಮ ಹತ್ತಿರ ಇರುವುದಿಲ್ಲ. ವಿಮಾನದಿಂದ ಇಳಿದ ದಿನವೇ ಕಂಪನಿಯವರು ಕೈ ಚಾಚುತ್ತಾರೆ, ನಾವು ಕೊಡುತ್ತೇವೆ. ಅಲ್ ಖುವೈರಿನ ಕಚೇರಿಯಲ್ಲಿ ಒಂದು ಉಕ್ಕಿನ ಕಪಾಟು. ಅದರೊಳಗೆ ನೂರಾರು ಪಾಸ್‌ಪೋರ್ಟುಗಳು, ಅವುಗಳ ನಡುವೆ ಇವರದ್ದೂ ನನ್ನದೂ. ಹನ್ನೊಂದು ವರ್ಷ ನಾವು ಅದನ್ನು ಕಂಡದ್ದು ರಜೆಗೆ ಹೊರಡುವ ಹಿಂದಿನ ದಿನ, ಮತ್ತೆ ಒಪ್ಪಿಸುವ ದಿನ, ಅಷ್ಟೇ. ಒಮ್ಮೆ ನನ್ನ ಹುಟ್ಟಿದ ತಾರೀಕು ಬೇಕಾದಾಗ ಕಚೇರಿಗೆ ಫೋನ್ ಮಾಡಿ ಕೇಳಿದ್ದೆ.

ಊರಿನ ರಜೆಯಾದರೆ ಸುಲಭವಾಗಿ ಕೊಡುತ್ತಿದ್ದರು. ಬೇರೆ ದೇಶಕ್ಕೆ ಹೋಗುವುದಾದರೆ ಮಾತ್ರ ಜೊತೆಯ ಕೆಲಸಗಾರರೊಬ್ಬರು ಜಾಮೀನು ನಿಲ್ಲಬೇಕು. ನಾವು ಬಂದು ಪಾಸ್‌ಪೋರ್ಟು ಒಪ್ಪಿಸುವ ತನಕ ಜಾಮೀನು ನಿಂತವರ ಪಾಸ್‌ಪೋರ್ಟು ಕಪಾಟಿನಿಂದ ಹೊರಗೆ ಬರುವ ಹಾಗಿಲ್ಲ. ನಮಗೆ ಸಹಿ ಹಾಕಿದ್ದು ಸ್ಟೋರ್ ನೋಡಿಕೊಳ್ಳುವ ಹಮೀದ್, ಉಪ್ಪಿನಂಗಡಿ ಕಡೆಯ ಬ್ಯಾರಿ. ನಮಗೆಲ್ಲ ಅವರು ಹಮೀದಾಕ. ಅವರ ದೊಡ್ಡ ಮಗಳ ನಿಕಾಹ್ ನಾವು ಮರಳುವ ವಾರದ ಭಾನುವಾರ ಎಂದು ನಿಶ್ಚಯವಾಗಿತ್ತು. ಗುರುವಾರ ಕಚೇರಿ ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಶನಿವಾರ. ಅವರ ವಿಮಾನ ಶುಕ್ರವಾರ. ಇದನ್ನೆಲ್ಲ ಲೆಕ್ಕ ಹಾಕಿ ನಾನು, ಬೇಡ, ಬೇರೆ ಯಾರನ್ನಾದರೂ ಕೇಳುವ ಎಂದೆ.

"ನೀವು ಬರುವುದು ಗುರುವಾರ ಬೆಳಿಗ್ಗೆ, ನಾನು ಹೋಗುವುದು ಶುಕ್ರವಾರ. ಮತ್ತೆ ಎಂತ ಹೆದರಿಕೆ ಅಕ್ಕ? ನೀವು ಓಡಿಹೋಗುವ ಜನವಾ?" ಎಂದರು ಹಮೀದಾಕ.

ಹಾಂಗ್‌ಕಾಂಗ್

ಹಾಂಗ್‌ಕಾಂಗಿನ ಬಗ್ಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ. ವಿಮಾನ ಮನೆಗಳ ನಡುವೆ ಇಳಿಯಿತು. ಯಾರದೋ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬನಿಯನ್ ರೆಕ್ಕೆಗೆ ಸಿಕ್ಕಿಕೊಂಡು ಬರುತ್ತದೆ ಎಂದೇ ನಾನು ಕಣ್ಣು ಮುಚ್ಚಿದ್ದೆ. ಆಮೇಲಿನ ಐದು ದಿನ ಇವರು ಯಂತ್ರದ ಮುಂದೆ, ನಾನು ಹೋಟೆಲಿನ ಕಿಟಕಿಯ ಮುಂದೆ.

ನನ್ನ ಸಂಕಟ ಬೇರೆಯೇ ಇತ್ತು. ಎರಡು ಪಾಸ್‌ಪೋರ್ಟುಗಳು ಈಗ ನಮ್ಮ ಕೈಯಲ್ಲೇ ಇದ್ದವು. ಇಷ್ಟು ದಿನ ಅವನ್ನು ನಮ್ಮ ಹತ್ತಿರ ಇಟ್ಟುಕೊಂಡು ಅಭ್ಯಾಸವೇ ಇಲ್ಲ. ಇವರ ಅಂಗಿಯ ಜೇಬನ್ನು ನಾನು ನಂಬುವವಳಲ್ಲ. ಬಟ್ಟೆಯ ಒಂದು ಪುಟ್ಟ ಚೀಲ ಹೊಲಿದು, ಲಾಡಿ ಹಾಕಿ, ಸೀರೆಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡೆ. ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡುವುದು. ರಸ್ತೆ ದಾಟುವಾಗ ಒಮ್ಮೆ, ದಾಟಿದ ಮೇಲೆ ಇನ್ನೊಮ್ಮೆ. ಲಿಫ್ಟಿನಲ್ಲಿ ಒಬ್ಬಾಕೆ ನನಗೆ ಹೊಟ್ಟೆನೋವು ಎಂದುಕೊಂಡು ಶುಂಠಿಯ ಮಿಠಾಯಿ ಕೊಟ್ಟಳು.

ಕಲಿಕೆ ಮುಗಿದು ಎರಡು ದಿನ ಉಳಿಯಿತು. ದೋಣಿಯಲ್ಲಿ ಒಂದು ಗಂಟೆ ಹೋದರೆ ಮಕಾವು, ಪೋರ್ಚುಗೀಸರ ಊರು, ನೋಡಿಯೇ ಹೋಗುವ ಎಂದು ಇವರು ಹಟ ಹಿಡಿದರು. ಮಸ್ಕತ್ತಿನ ಹಳೆಯ ಬಂದರಿನ ಎರಡು ಗುಡ್ಡಗಳ ಮೇಲೆ ಪೋರ್ಚುಗೀಸರ ಎರಡು ಕೋಟೆಗಳಿವೆಯಲ್ಲ, ಪ್ರತಿ ಶುಕ್ರವಾರ ಅವನ್ನೇ ನೋಡಿ ಸಾಕಾಗಿಲ್ಲವೇ ಎಂದೆ. ಸಾಕಾಗಿಲ್ಲ ಎಂದರು.

ಅಲೆಗಳ ಚೌಕ

ಆ ದೋಣಿ ನೀರಿನಲ್ಲಿ ಹೋಗುವುದಿಲ್ಲ, ನೀರಿನಿಂದ ಮೇಲೆದ್ದು ಓಡುತ್ತದೆ. ಸಮುದ್ರ ಮಾತ್ರ ನೇತ್ರಾವತಿಯ ಮಳೆಗಾಲದ ನೀರಿನ ಹಾಗೆ ಕೆಂಪು. ಮಕಾವಿನಲ್ಲಿ ಇಳಿದು ಕಾಗದಪತ್ರ ತೋರಿಸಿ ಮುದ್ರೆ ಹಾಕಿಸಿಕೊಂಡೆವು. ಹೊರಗೆ ಬಂದರೆ, ಅಕ್ಕ ಹೇಳಿದ್ದು ಸುಳ್ಳಲ್ಲ, ಅರ್ಧ ಗೋವಾ. ಹಳದಿ ಸುಣ್ಣದ ಇಗರ್ಜಿಗಳು, ನೀಲಿ ಹೆಂಚಿನ ಮೇಲೆ ಬರೆದ ಬೀದಿಯ ಹೆಸರುಗಳು, ಹಸಿರು ಬಾಗಿಲಿನ ಕಿಟಕಿಗಳು. ಕಿಟಕಿಯ ಕೆಳಗೆ ಮಾತ್ರ ಒಣಗಿದ ಬಾತುಕೋಳಿಗಳು ನೇತಾಡುತ್ತಿದ್ದವು.

ದೋನಾ ಲೀನಾ ಎಂಬ ಮುದುಕಿಯ ಮನೆಯಲ್ಲಿ ಕೋಣೆ ಸಿಕ್ಕಿತು. ತಂದೆ ಪೋರ್ಚುಗೀಸ್ ಸೈನಿಕ, ತಾಯಿ ಚೀನೀ. ಮುಖ ಚೀನೀಯರದ್ದು, ಕಣ್ಣು ಮಾತ್ರ ಬೆಕ್ಕಿನ ಕಣ್ಣಿನ ಹಾಗೆ ಬೂದು. ಬಂದವರ ಹೆಸರು ಬರೆದುಕೊಳ್ಳಬೇಕು ಎಂದು ಆಕೆ ತನ್ನ ಹರಕು ಇಂಗ್ಲಿಷಿನಲ್ಲಿ ಪಾಸ್‌ಪೋರ್ಟು ಕೇಳಿದಳು. ನಾನು ಒಳಗೆ ಹೋಗಿ ಚೀಲ ಬಿಚ್ಚಿ ತಂದು ಕೊಟ್ಟೆ. ಆಕೆ ಅವನ್ನು ಪಡಸಾಲೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಪಾಟಿನಲ್ಲಿ ಒಂದು ಕಡೆ ಮೇರಿ ಮಾತೆ, ಇನ್ನೊಂದು ಕಡೆ ಉದ್ದ ಗಡ್ಡದ, ಕೆಂಪು ಮುಖದ ಒಬ್ಬ ಚೀನೀ ದೇವರು. ಇಬ್ಬರ ನಡುವೆ ನಮ್ಮಿಬ್ಬರ ಪಾಸ್‌ಪೋರ್ಟು.

ನಿಜ ಹೇಳುತ್ತೇನೆ, ಒಂದು ವಾರದ ಮೇಲೆ ಅವತ್ತು ನನಗೆ ಉಸಿರು ಸರಿಯಾಗಿ ಬಂತು. ಯಾರೋ ತಿಳಿದವರು ತೆಗೆದಿಟ್ಟರು, ಬೀಗ ಹಾಕಿದರು, ಇನ್ನು ನನ್ನ ಜವಾಬ್ದಾರಿ ಅಲ್ಲ. ಇವರಿಗೂ ಹಾಗೆಯೇ ಅನಿಸಿರಬೇಕು. ಯಾವಾಗ ಕೊಡುತ್ತೀರಿ ಎಂದು ನಾವಿಬ್ಬರೂ ಕೇಳಲಿಲ್ಲ.

ಆಮೇಲೆ ಊರು ಚೆಂದ ಕಂಡಿತು. ನಡುವಿನ ಚೌಕದಲ್ಲಿ ನೆಲಕ್ಕೆ ಕಪ್ಪು ಬಿಳಿ ಕಲ್ಲು ಹಾಸಿ ಅಲೆ ಅಲೆಯಾಗಿ ಮಾಡಿದ್ದಾರೆ. ಅದರ ಮೇಲೆ ನಡೆದರೆ ನನಗೆ ತಲೆ ತಿರುಗಿತು, ಇವರು ನನ್ನ ಕೈ ಹಿಡಿದುಕೊಂಡರು. ಮಸ್ಕತ್ತಿನ ರಸ್ತೆಯಲ್ಲಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹಿಡಿದವರಲ್ಲ. ಸುಟ್ಟುಹೋದ ಇಗರ್ಜಿಯ ಮುಂಗೋಡೆಯೊಂದೇ ಗುಡ್ಡದ ಮೇಲೆ ನಿಂತಿದೆ. ಅದರ ಕಿಟಕಿಗಳಲ್ಲಿ ಬರೀ ಆಕಾಶ. ಸಮುದ್ರದ ಬದಿಯಲ್ಲಿ ಮೀನುಗಾರರನ್ನು ಕಾಯುವ ದೇವಿಯ ಗುಡಿ. ಸುರುಳಿ ಸುತ್ತಿದ ಊದುಬತ್ತಿಗಳು ಮಾಡಿನ ತೊಲೆಗೆ ನೇತಾಡುತ್ತವೆ, ಚಕ್ಕುಲಿಯ ಹಾಗೆ, ಆದರೆ ಬುಟ್ಟಿಯಷ್ಟು ದೊಡ್ಡವು. ಬೂದಿ ನನ್ನ ತಲೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಹೋದರೆ ಅಲ್ಲಿದ್ದ ಹೆಂಗಸೊಬ್ಬಳು ಬೇಡವೆಂದು ಕೈ ಆಡಿಸಿದಳು. ಅದು ಪ್ರಸಾದವೋ ಏನೋ ಎಂದು ಹಾಗೆಯೇ ಬಿಟ್ಟೆ.

ರಾತ್ರಿಯ ಊಟಕ್ಕೆ ದೋನಾ ಲೀನಾ ಒಣ ಸೀಗಡಿಯನ್ನು ಉಪ್ಪು ಖಾರದಲ್ಲಿ ಅರೆದು ಮಾಡಿದ ಒಂದು ಗೊಜ್ಜು ಬಡಿಸಿದಳು. ನಮ್ಮ ಸೀಗಡಿ ಚಟ್ನಿಯ ದೂರದ ಸಂಬಂಧಿ. ಇವರು ಮೂರು ಸಲ ಹಾಕಿಸಿಕೊಂಡರು. ಮಾತಿನ ನಡುವೆ ಆಕೆ ಕಿಟಕಿಗೆ 'ಜನೇಲ' ಎಂದಳು, ಕೀಲಿಗೆ 'ಚಾವಿ' ಎಂದಳು. ನಮ್ಮೂರಲ್ಲೂ ಹಾಗೇ ಹೇಳುವುದು ಎಂದರೆ ಆಕೆ ನಂಬಲೇ ಇಲ್ಲ.

ದೋಣಿಕಟ್ಟೆ

ಮಾರನೆಯ ದಿನವೂ ಸುತ್ತಿ, ಬುಧವಾರ ಬೆಳಿಗ್ಗೆ ಹೊರಟೆವು. ಹನ್ನೆರಡರ ದೋಣಿ, ಸಂಜೆ ಐದಕ್ಕೆ ಹಾಂಗ್‌ಕಾಂಗಿನಿಂದ ಬೊಂಬಾಯಿಗೆ ವಿಮಾನ, ಗುರುವಾರ ಬೆಳಿಗ್ಗೆ ಮಸ್ಕತ್ತು. ದೋನಾ ಲೀನಾ ಮನೆಯಲ್ಲಿರಲಿಲ್ಲ. ಬಾಡಿಗೆ ಮೊದಲೇ ಕೊಟ್ಟಾಗಿತ್ತು. ಗುಡಿಸುವ ಹೆಂಗಸಿನ ಕೈಗೆ ಕೋಣೆಯ ಕೀಲಿ ಕೊಟ್ಟು, ಗಾಜಿನ ಕಪಾಟಿನ ಮುಂದೆಯೇ ಹಾದು, ಆ ಎರಡು ದೇವರಿಗೂ ಕೈ ಮುಗಿದು ಬಂದೆವು. ಕೈ ಮುಗಿದದ್ದು ನಾನೇ. ನಡುವೆ ಇದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ದಾರಿಯಲ್ಲಿ ಸೊಂಟ ಮುಟ್ಟಿ ನೋಡಿಕೊಂಡೆ. ಚೀಲ ಉಬ್ಬಿಯೇ ಇತ್ತು. ದೋಣಿಕಟ್ಟೆಯ ಸಾಲಿನಲ್ಲಿ ನಿಂತು ಇನ್ನೊಮ್ಮೆ ಮುಟ್ಟಿದೆ. ಇತ್ತು. ಕಿಟಕಿಯ ಆಚೆ ಕುಳಿತ ಅಧಿಕಾರಿ ಪಾಸ್‌ಪೋರ್ಟು ಎಂದ. ಇವರು ನನ್ನ ಮುಖ ನೋಡಿದರು. ಬದಿಗೆ ತಿರುಗಿ ಚೀಲ ಬಿಚ್ಚಿದರೆ, ಅಕ್ಕನಿಗೆಂದು ಕೊಂಡ ಚಿತ್ರದ ಕಾರ್ಡುಗಳ ಕಟ್ಟು, ಇವರ ಲೇಬರ್ ಕಾರ್ಡು.

ಇವರು ಅಭ್ಯಾಸಬಲದಿಂದ ಲೇಬರ್ ಕಾರ್ಡನ್ನೇ ಎತ್ತಿ ಅಧಿಕಾರಿಗೆ ಕೊಟ್ಟರು. ಮಸ್ಕತ್ತಿನಲ್ಲಿ ಪೊಲೀಸ್ ಕೇಳಿದರೂ, ಬ್ಯಾಂಕ್ ಕೇಳಿದರೂ ನಾವು ಕೊಡುವುದು ಅದನ್ನೇ. ಆತ ಅರಬ್ಬೀ ಅಕ್ಷರವನ್ನು ತಲೆಕೆಳಗು ಮಾಡಿ ನೋಡಿ ಮರಳಿ ಕೊಟ್ಟ.

ಈ ವಿಮಾನ ತಪ್ಪಿದರೆ ಮುಂದಿನದು ಎರಡು ದಿನ ಬಿಟ್ಟು. ನಮಗೇನೂ ಆಗುವುದಿಲ್ಲ, ಬೈಗುಳ ತಿಂದು ಸುಮ್ಮನಾಗಬಹುದು. ಆದರೆ ಹಮೀದಾಕ? ಭಾನುವಾರ ಮಗಳ ನಿಕಾಹಿನಲ್ಲಿ ಅಪ್ಪನ ಜಾಗದಲ್ಲಿ ಯಾರು ಕೂರುವುದು?

"ನಿನಗೆ ಒಂದು ಕೆಲಸ ಕೊಟ್ಟದ್ದು ಮಾರಾಯ್ತಿ," ಎಂದರು ಇವರು.

"ನಿಮ್ಮ ಕಣ್ಣ ಮುಂದೆಯೇ ಕೊಟ್ಟದ್ದಲ್ವಾ? ನೀವು ಕೇಳಿದ್ರಾ?" ಎಂದೆ.

ಆಮೇಲೆ ಜಗಳಕ್ಕೂ ಸಮಯವಿರಲಿಲ್ಲ. ಟಿಕೆಟನ್ನು ಎರಡು ಗಂಟೆಯ ದೋಣಿಗೆ ಬದಲಾಯಿಸಿ, ಟ್ಯಾಕ್ಸಿ ಹಿಡಿದು ಹಿಂದೆ ಓಡಿದೆವು.

ಬೀಗ

ಪಾಸ್‌ಪೋರ್ಟುಗಳು ಅಲ್ಲೇ ಇದ್ದವು. ಗಾಜಿನ ಆಚೆ, ಗೇಣು ದೂರದಲ್ಲಿ. ಕೀಲಿ ದೋನಾ ಲೀನಾಳ ಸೊಂಟದಲ್ಲಿ, ದೋನಾ ಲೀನಾ ಎಲ್ಲೋ. ಗುಡಿಸುವ ಹೆಂಗಸಿಗೆ ಚೀನೀ ಭಾಷೆ ಬಿಟ್ಟು ಬೇರೆ ಬಾರದು. ಎಲ್ಲಿಗೆ ಹೋಗಿದ್ದಾಳೆ ಎಂದು ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಅವಳು ಮೂರು ಊದುಬತ್ತಿ ಹಿಡಿದ ಹಾಗೆ ಮಾಡಿ, ಕಣ್ಣು ಮುಚ್ಚಿ, ತಲೆಯನ್ನು ಅಂಗೈಯ ಮೇಲೆ ಒರಗಿಸಿದಳು. ಮುದುಕಿ ತೀರಿಯೇಹೋದಳು ಎಂದುಕೊಂಡರು ಇವರು.

ಅಂಜಿದವಳ ಮೇಲೆ ಕಪ್ಪೆ ಎಸೆದ ಹಾಗಾಯಿತು ನನಗೆ. ನಾನು ಮೆಟ್ಟಿಲ ಮೇಲೆ ಕುಳಿತೆ. ಇವರು ಕಪಾಟಿನ ಹತ್ತಿರ ಹೋಗಿ ಬೀಗವನ್ನು ಬೆರಳಿನಿಂದ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಕೈಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಕೀಲಿ ಒಳಗೆ ಬಿಟ್ಟು ಲಾಕ್ ಆದ ಎಷ್ಟೋ ಕಾರುಗಳ ಬಾಗಿಲು ತೆಗೆದ ಕೈ ಅದು. ಈ ಬೀಗ ಅವರಿಗೆ ಒಂದು ನಿಮಿಷದ ಕೆಲಸ.

ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಮುಚ್ಚಿಡುವುದಿಲ್ಲ. ತೆಗೆಯಲಿ ಎಂದೇ ಇತ್ತು. ಆದರೆ ಗುಡಿಸುವ ಹೆಂಗಸು ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಕಪಾಟಿನೊಳಗಿನ ಇಬ್ಬರೂ ನೋಡುತ್ತಿದ್ದರು. ಇವಳು ಪೊಲೀಸರನ್ನು ಕರೆದರೆ, ಪಾಸ್‌ಪೋರ್ಟು ಇಲ್ಲದವರು ಬೀಗ ಮುರಿಯುತ್ತಿದ್ದರು ಎಂದಾದರೆ, ಎರಡು ದಿನವಲ್ಲ, ಎರಡು ತಿಂಗಳು ಇಲ್ಲೇ. ಬೇಡ ಎಂದೆ. ಇವರು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡರು, ಚೀಲಕ್ಕಲ್ಲ.

ಎದುರಿನ ಒಣಮೀನಿನ ಅಂಗಡಿಯವನಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ಸತ್ತ ಹಿರಿಯರ ಗೋರಿ ಗುಡಿಸುವ ಹಬ್ಬವಂತೆ ಅವತ್ತು. ಊರಿಗೆ ಊರೇ ಸ್ಮಶಾನದಲ್ಲಿ. ದೋನಾ ಲೀನಾ ಗಂಡನ ಗೋರಿಗೆ ಹೋಗಿದ್ದಾಳೆ, ಗುಡ್ಡ ಹತ್ತಿದರೆ ಹಸಿರು ಬಣ್ಣದ ಪುಟ್ಟ ಇಗರ್ಜಿ ಕಾಣುತ್ತದೆ, ಅದರ ಹಿಂದೆ ಎಂದ.

ಗೋರಿಗಳ ನಡುವೆ

ಆ ಗುಡ್ಡವನ್ನು ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಸ್ಮಶಾನವೆಂದರೆ ನಮ್ಮಲ್ಲಿ ಹೆಂಗಸರು ಕಾಲಿಡುವ ಜಾಗವಲ್ಲ. ಇಲ್ಲಿ ಮಕ್ಕಳು ಕಿತ್ತಳೆ ತಿನ್ನುತ್ತ ಗೋರಿಗಳ ನಡುವೆ ಓಡಾಡುತ್ತಿದ್ದರು. ಬಿಳಿ ಶಿಲುಬೆಗಳು, ರೆಕ್ಕೆಯ ಕಲ್ಲಿನ ಗೊಂಬೆಗಳು, ಅವುಗಳ ಬುಡದಲ್ಲಿ ಚೀನೀ ಅಕ್ಷರ, ಎಲ್ಲ ಕಡೆ ಊದುಬತ್ತಿಯ ಹೊಗೆ. ಕಪ್ಪು ಉಡುಪಿನ ಪ್ರತಿ ಮುದುಕಿಯೂ ನನಗೆ ದೋನಾ ಲೀನಾಳ ಹಾಗೇ ಕಂಡಳು. ಇಬ್ಬರ ಭುಜ ಮುಟ್ಟಿ ಕ್ಷಮೆ ಕೇಳಿದೆ.

ಕೊನೆಗೆ ಗೋಡೆಯ ಮೂಲೆಯಲ್ಲಿ ಸಿಕ್ಕಿದಳು. ಗೋರಿಯ ಮೇಲೆ ಬೇಯಿಸಿದ ಇಡೀ ಕೋಳಿ, ಅನ್ನ, ಮೂರು ಪುಟ್ಟ ಲೋಟಗಳಲ್ಲಿ ಚಹಾ. ಆಕೆ ಶಿಲುಬೆಯ ಗುರುತು ಮಾಡಿ, ಊದುಬತ್ತಿ ಹಿಡಿದು ಮೂರು ಸಲ ಬಗ್ಗಿ, ಏನೋ ಹೇಳುತ್ತಿದ್ದಳು. ಇವರು ಮುಂದೆ ನುಗ್ಗಿದರು. ನಾನು ಇವರ ಅಂಗಿ ಹಿಡಿದು ನಿಲ್ಲಿಸಿದೆ. ನಮ್ಮ ಮನೆಯಲ್ಲೂ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ಕಾಯುತ್ತೇವೆ. ಅವರು ಉಣ್ಣುವಾಗ ಯಾರೂ ಒಳಗೆ ಹೋಗುವುದಿಲ್ಲ. ಗಡಿಯಾರದಲ್ಲಿ ಒಂದೂ ಐದು. ನಿಂತೆವು. ಒಂದೂ ಹತ್ತು. ಇವರು ಕಾಲು ಬದಲಾಯಿಸಿ ಬದಲಾಯಿಸಿ ನಿಲ್ಲುತ್ತಿದ್ದರು. ಒಂದೂಕಾಲು. ನಾನು ಊರಿನ ದೈವಗಳಿಗೆಲ್ಲ ಹರಕೆ ಹೇಳಿ ಮುಗಿಸಿದ್ದೆ.

ಆಕೆ ತಿರುಗಿ ನಮ್ಮನ್ನು ಕಂಡಳು. ನಾನು ಅಳುತ್ತಲೇ ಹೇಳಿದೆ. ಪಾಸ್‌ಪೋರ್ಟು, ದೋಣಿ, ಮಸ್ಕತ್ತು, ಹಮೀದಾಕ, ಮಗಳ ನಿಕಾಹ್, ಎಲ್ಲ ಒಂದೇ ಉಸಿರಿಗೆ. ಆಕೆಗೆ ಅರ್ಧ ಅರ್ಥವಾಗಿರಬೇಕು. ಸೊಂಟದಿಂದ ಕೀಲಿ ತೆಗೆದು ನನ್ನ ಕೈಗಿಟ್ಟಳು. ಇವನ ಊಟ ಮುಗಿಯದೆ ನಾನು ಬರುವ ಹಾಗಿಲ್ಲ, ನೀವೇ ಹೋಗಿ ತೆಗೆದುಕೊಳ್ಳಿ, ಕೀಲಿಯನ್ನು ಮನೆಯ ಹೆಂಗಸಿಗೆ ಕೊಡಿ ಎಂದಳು.

ಎರಡು ದಿನದ ಪರಿಚಯದವರ ಕೈಗೆ ಮನೆಯ ಕೀಲಿ. ಗಲ್ಫಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಇವರು ಹೋಗಿ ತರಲಿ, ಅಲ್ಲಿಯವರೆಗೆ ನಾನು ನಿಮ್ಮ ಹತ್ತಿರವೇ ಕೂತಿರುತ್ತೇನೆ, ಜಾಮೀನಿಗೆ, ಎಂದೆ.

ದೋನಾ ಲೀನಾ ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಿನ್ನನ್ನು ಇಟ್ಟುಕೊಂಡು ನಾನೇನು ಮಾಡಲಿ?" ಎಂದಳು. "ಹೆಸರು ಬರೆದಾದದ್ದು ಮೊದಲ ದಿನವೇ. ನೀನು ಕೇಳುತ್ತೀ ಎಂದು ಎರಡು ದಿನ ಕಾದೆ. ನಿನ್ನದೇ ವಸ್ತು, ಯಾಕೆ ಕೇಳಲಿಲ್ಲ?"

ಇವರು ಜೇಬಿನ ಮೇಲೆ ಕೈ ಮುಚ್ಚಿಕೊಂಡಿದ್ದರು. ಆ ಸ್ಕ್ರೂಡ್ರೈವರಿನ ನಾಚಿಕೆ ಇವರಿಗೆ ಇವತ್ತಿಗೂ ಹೋಗಿಲ್ಲ.

ಗುಡ್ಡ ಇಳಿದು, ಕಪಾಟು ತೆಗೆದು, ಇಬ್ಬರು ದೇವರ ನಡುವಿನಿಂದ ಪಾಸ್‌ಪೋರ್ಟು ಎತ್ತಿಕೊಂಡು ಬೀಗ ಹಾಕಿದೆ. ಗುಡಿಸುವ ಹೆಂಗಸು ಕೀಲಿ ಇಸಿದುಕೊಂಡು, ಈ ಸಲ ತಾನೇ ನನ್ನ ಸೊಂಟದ ಚೀಲ ತಟ್ಟಿ ನೋಡಿದಳು. ಎರಡರ ದೋಣಿಗೆ ನಾವು ಹತ್ತಿದಾಗ ಹಗ್ಗ ಬಿಚ್ಚುತ್ತಿದ್ದರು. ವಿಮಾನಕ್ಕೂ ಹಾಗೆಯೇ, ಕೊನೆಯವರಾಗಿ.

ಅಲ್ ಖುವೈರ್

ಬೊಂಬಾಯಿಯಿಂದ ವಿಮಾನ ತಡವಾಯಿತು. ಸೀಬ್ ವಿಮಾನ ನಿಲ್ದಾಣದಿಂದ ಹೆದ್ದಾರಿಯಲ್ಲಿ ಗುರುವಾರದ ವಾಹನಗಳ ಸಾಲಿನಲ್ಲಿ ನಿಂತು ನಿಂತು ಕಂಪನಿಯ ಕಚೇರಿ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು. ಹೊರಗಿನ ಬೆಂಚಿನ ಮೇಲೆ ಹಮೀದಾಕ ಕುಳಿತಿದ್ದರು. ಬೆಳಿಗ್ಗೆ ಎಂಟಕ್ಕೇ ಬಂದಿದ್ದರಂತೆ. ಒಗೆದು ಇಸ್ತ್ರಿ ಹಾಕಿದ ಅಂಗಿಯ ಬೆನ್ನೆಲ್ಲ ಒದ್ದೆ. ನಮ್ಮನ್ನು ಕಂಡು ಎದ್ದು ನಿಂತರು, ತಡ ಯಾಕೆ ಎಂದು ಕೇಳಲಿಲ್ಲ.

"ದಾರಿಯಲ್ಲಿ ಊಟ ಆಯ್ತಾ ಅಕ್ಕ?" ಎಂದಷ್ಟೇ ಕೇಳಿದರು.

ಒಳಗೆ ಪಾಸ್‌ಪೋರ್ಟು ನೋಡಿಕೊಳ್ಳುವ ಸಾಲಿಂ, ಒಮಾನಿ, ಒಳ್ಳೆಯ ಮನುಷ್ಯ, ಯಾರಿಗೂ ಗದರಿದವನಲ್ಲ. ಉಕ್ಕಿನ ಕಪಾಟು ತೆರೆದು ನನ್ನ ಕಡೆಗೆ ಕೈ ಚಾಚಿದ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಕೊಟ್ಟಿದ್ದೇನೋ. ಅವತ್ತು ಬೆರಳು ಸಡಿಲವಾಗಲಿಲ್ಲ. ಮುದುಕಿ ಕೇಳಿದ ಮಾತು ಕಿವಿಯಲ್ಲೇ ಇತ್ತು. ಸಾಲಿಂ ಗೋಡೆಯ ಗಡಿಯಾರ ನೋಡಿ, ಯಲ್ಲಾ ಮೇಡಂ, ಬೇಗ ಎಂದ. ನನ್ನ ಬೆನ್ನ ಹಿಂದೆ ಹಮೀದಾಕರ ಉಸಿರು ಕೇಳುತ್ತಿತ್ತು. ಕೊಟ್ಟೆ.

ನಮ್ಮವು ಎರಡು ಒಳಗೆ ಹೋದವು, ಅವರದ್ದು ಒಂದು ಹೊರಗೆ ಬಂತು. ಸಾಲಿಂ ಅದನ್ನು ಮೇಜಿನ ತುದಿಯಲ್ಲಿಟ್ಟು, ಖಲಾಸ್ ಎಂದು, ತಲೆ ಬಗ್ಗಿಸಿ ರಿಜಿಸ್ಟರಿನಲ್ಲಿ ಬರೆಯತೊಡಗಿದ.

ಹಮೀದಾಕ ಕೈಕಟ್ಟಿ ನಿಂತೇ ಇದ್ದರು. ಪಾಸ್‌ಪೋರ್ಟು ಗೇಣು ದೂರದಲ್ಲಿತ್ತು. ನಡುವೆ ಗಾಜೂ ಇರಲಿಲ್ಲ, ಬೀಗವೂ ಇರಲಿಲ್ಲ. ಭಾನುವಾರ ಮಗಳ ನಿಕಾಹಿಗೆ ಕೂರಬೇಕಾದ ಮನುಷ್ಯ, ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅದು ನಿಮ್ಮದೇ ಅಲ್ವಾ ಹಮೀದಾಕ, ತಕ್ಕೊಳ್ಳಿ," ಎಂದೆ.

ಅವರು ಮೊದಲು ಸಾಲಿಂನ ಮುಖ ನೋಡಿದರು. ಆಮೇಲೆ ಕೈ ಚಾಚಿದರು.